ಮಣ್ಣಿನ ಲೆಕ್ಕ ತಪ್ಪಿದರೆ ಸಾಲದ ಲೆಕ್ಕ ಕೂಡುವುದಿಲ್ಲ

(ರೈತ ಕಾರ್ಯಕರ್ತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ನಮ್ಮ ಸಭೆಗಳಲ್ಲಿ ನಾವು ಬೆಲೆಯ ಮಾತಾಡ್ತೀವಿ, ಸಾಲದ ಮಾತಾಡ್ತೀವಿ, ಬಡ್ಡಿ, ಜಪ್ತಿ, ಕರೆಂಟು, ಗೊಬ್ಬರ ಎಲ್ಲದರ ಮಾತಾಡ್ತೀವಿ. ಆಡಲೇಬೇಕು. ಆದರೆ ಇವೆಲ್ಲದರ ಕೆಳಗೆ ಬಿದ್ದಿರೋದು ಮಣ್ಣು. ಅದರ ಮಾತು ಬಂದಾಗ, 'ಅದು ನಮಗೆ ಗೊತ್ತಿಲ್ಲದ್ದೇನು' ಅಂತ ಮುಂದೆ ಹೋಗ್ತೀವಿ. ನಿಮಗೆ ಗೊತ್ತಿದೆ, ನಿಜ. ಗೊತ್ತಿಲ್ಲದೇ ಇರೋದು ಬ್ಯಾಂಕಿಗೆ, ಬೆಲೆ ಕಟ್ಟುವ ಆಯೋಗಕ್ಕೆ, ವಿಮಾ ಕಂಪನಿಗೆ. ಅವರ ಲೆಕ್ಕದಲ್ಲಿ ಎಕರೆ ಅಂದರೆ ಎಕರೆ, ಅಷ್ಟೇ. ನಮ್ಮ ಲೆಕ್ಕದಲ್ಲಿ ಎರೆಯ ಎಕರೆ ಬೇರೆ, ಮಸಾರಿ ಎಕರೆ ಬೇರೆ, ಮಡ್ಡಿ ಎಕರೆ ಬೇರೆ. ಈ ಎರಡು ಲೆಕ್ಕಗಳ ನಡುವಿನ ವ್ಯತ್ಯಾಸ ಇದೆಯಲ್ಲ, ಅದೇ ನಮ್ಮ ಮನೆಗೆ ಸಾಲವಾಗಿ ಬಂದು ಕೂರ್ತದೆ. ಈ ದಿನ ನಾನು ಹೇಳಬೇಕೆಂದಿರುವುದು ಇದೊಂದೇ ಮಾತು.

ಕಂದಾಯಕ್ಕೆ ಅಗೆದವರು

ಮೊದಲು ಒಂದು ಹಳೆಯ ಸಂಗತಿ. ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಭೂಮಾಪನ ಶುರುವಾದದ್ದು 1835ರ ಸುಮಾರಿಗೆ, ಪುಣೆ ಕಡೆಯ ಇಂದಾಪುರ ತಾಲೂಕಿನಲ್ಲಿ. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಇಬ್ಬರು ಅಧಿಕಾರಿಗಳು ಅದನ್ನು ನಡೆಸಿದರು. 1847ರಲ್ಲಿ ಅದರ ಪದ್ಧತಿಯನ್ನು ವರದಿಯಾಗಿ ಬರೆದಿಟ್ಟರು. ಅದೇ ಪದ್ಧತಿ ಧಾರವಾಡ, ಬೆಳಗಾವಿ, ವಿಜಾಪುರಕ್ಕೆ ಬಂತು. 1863ರ ನಂತರ ಹಳೇ ಮೈಸೂರಿಗೂ ಬಂತು. ಅವರು ಮಾಡಿದ್ದೇನು? ಹೊಲವನ್ನು ತುಂಡುತುಂಡಾಗಿ ಗುರುತುಮಾಡಿ, ಮಣ್ಣು ಅಗೆಸಿ ಆಳ ಅಳೆಸಿದರು. ಒಂದು ಮುಕ್ಕಾಲು ಮೊಳ ಆಳದ ಒಳ್ಳೆಯ ಎರೆ ಇದ್ದರೆ ಅದು ಹದಿನಾರಾಣೆ ಭೂಮಿ. ಆಳ ಕಡಿಮೆಯಾದ ಹಾಗೆ ಆಣೆ ಕಡಿಮೆ. ಸುಣ್ಣಕಲ್ಲು ಬೆರೆತಿದ್ದರೆ ಒಂದು ದೋಷ, ಮರಳು ಇದ್ದರೆ ಒಂದು ದೋಷ, ಇಳಿಜಾರಿದ್ದರೆ ಒಂದು ದೋಷ, ನೀರು ನಿಂತರೆ ಇನ್ನೊಂದು ದೋಷ. ದೋಷಕ್ಕೆ ತಕ್ಕಂತೆ ದರ್ಜೆ ಇಳಿಸಿದರು. ಹೀಗೆ ಒಂಬತ್ತು ದರ್ಜೆ ಮಾಡಿದರು.

ಅವರು ರೈತನ ಮೇಲಿನ ಪ್ರೀತಿಗೆ ಇದನ್ನು ಮಾಡಲಿಲ್ಲ. ಎಷ್ಟು ಹಿಂಡಿದರೆ ಎಷ್ಟು ಬರ್ತದೆ ಅಂತ ನೋಡೋಕೆ ಮಾಡಿದರು. ಆದರೂ ನೋಡಿ, ನಮ್ಮಿಂದ ವಸೂಲಿ ಮಾಡುವ ಸರ್ಕಾರ ಹಾರೆ ಹಿಡಿದು ಹೊಲಕ್ಕೆ ಬಂತು. ನಮಗೆ ಸಾಲ ಕೊಡುವ ಬ್ಯಾಂಕು, ನಮ್ಮ ಬೆಳೆಗೆ ಬೆಲೆ ಕಟ್ಟುವ ಸರ್ಕಾರ ಒಂದು ಗೇಣು ಮಣ್ಣನ್ನೂ ಅಗೆದು ನೋಡಲಿಲ್ಲ. ಇವತ್ತಿಗೂ ನಿಮ್ಮ ಪಹಣಿಯಲ್ಲಿ ಮಣ್ಣಿನ ನಮೂನೆ ಅಂತ ಒಂದು ಕಲಂ ಇದೆ. ಮನೆಗೆ ಹೋಗಿ ತೆಗೆದು ನೋಡಿ, ಅದರಲ್ಲಿ ಏನು ಬರೆದಿದೆ ಅಂತ. ಇದ್ದರೂ ಒಂದು ಶಬ್ದ ಇರ್ತದೆ. ಎಷ್ಟು ಆಳ, ನೀರು ಬಸಿಯುತ್ತೋ ಇಲ್ಲವೋ, ಅದರ ಸುದ್ದಿ ಇರೋದಿಲ್ಲ.

ಎರೆಯ ಗುಣ

ಇಲ್ಲಿ ಗದಗ, ಧಾರವಾಡ, ವಿಜಯಪುರ ಕಡೆಯ ಎರೆ ನೆಲದವರೂ ಇದ್ದೀರಿ, ತುಮಕೂರು, ಕೋಲಾರ, ಚಿತ್ರದುರ್ಗದ ಕೆಂಪು ನೆಲದವರೂ ಇದ್ದೀರಿ. ಒಬ್ಬರ ನೆಲ ಇನ್ನೊಬ್ಬರಿಗೆ ಗೊತ್ತಾಗಲಿ ಅಂತ ಎರಡರ ಗುಣವನ್ನೂ ಹೇಳ್ತೀನಿ.

ಎರೆ ಮಣ್ಣಿನಲ್ಲಿ ಜೇಡಿ ಅಂಶ ಬಹಳ. ನೂರಕ್ಕೆ ನಲವತ್ತರಿಂದ ಅರವತ್ತು ಭಾಗ ಜೇಡಿಯೇ. ಆ ಜೇಡಿಯೂ ಒಂದು ವಿಶೇಷ ಜಾತಿಯದು, ಮಾಂಟ್‌ಮೊರಿಲೊನೈಟ್ ಅಂತ ಅದರ ಹೆಸರು. ಪುಸ್ತಕದ ಹಾಳೆಗಳ ಹಾಗೆ ಪದರ ಪದರ ಇರ್ತದೆ. ನೀರು ಆ ಪದರಗಳ ನಡುವೆ ಹೋಗಿ ಕೂರ್ತದೆ. ಆಗ ಮಣ್ಣು ಉಬ್ಬುತ್ತದೆ. ಒಣಗಿದರೆ ಕುಗ್ಗುತ್ತದೆ, ಕೈ ತೂರುವ ಹಾಗೆ ಬಿರಿಯುತ್ತದೆ. ಈ ಒಂದು ಗುಣವೇ ಎರೆಯ ವರ, ಅದೇ ಎರೆಯ ಶಾಪ. ಬೆಳೆಗೆ ಅದು ವರ. ಮನೆಗೂ ಕಾಲುವೆಗೂ ಅದು ಶಾಪ.

ವರ ಹೇಗೆ ಅಂದರೆ, ಒಂದು ಮೀಟರ್ ಆಳದ ಎರೆ ಬೆಳೆಗೆ ಸಿಗುವಂಥ ನೀರನ್ನು ಸುಮಾರು 150ರಿಂದ 200 ಮಿಲಿಮೀಟರ್‌ವರೆಗೆ ಹಿಡಿದಿಟ್ಟುಕೊಳ್ಳುತ್ತದೆ. ಅಷ್ಟೇ ಆಳದ ಮಸಾರಿ ಸುಮಾರು ಅದರ ಅರ್ಧ ಹಿಡಿಯುತ್ತದೆ. ಹಿಂಗಾರಿ ಬಿಳಿಜೋಳ ಒಂದು ಹನಿ ಮಳೆ ಇಲ್ಲದೆ ಬರೀ ಇಬ್ಬನಿ, ಚಳಿಯಲ್ಲಿ ತೆನೆ ಕಟ್ಟುತ್ತದೆ ಅಂದರೆ ಅದಕ್ಕೆ ನೀರು ಕೊಡೋದು ಈ ಮಣ್ಣೇ. ಡೋಣಿ ಸಾಲಿನ ಹೊಲ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮಾಲದಂಡಿ ಅಂತ ನಾವು ಕರೆಯುವ ಎಂ 35-1 ಜೋಳ ಇಷ್ಟು ಕಾಲ ಉಳಿದದ್ದು ಇಂಥ ನೆಲಕ್ಕೆ ಅದು ಒಗ್ಗಿದ್ದರಿಂದ. ಮಳೆ ನೀರು ಹರಿದು ಹೋಗದ ಹಾಗೆ ಚೌಕು ಮಡಿ ಮಾಡಿ ಎರೆಗೆ ಕುಡಿಸಿಬಿಟ್ಟರೆ, ಆ ಹೊಲವೇ ಒಂದು ಕೆರೆ.

ಆದರೆ ಇದು ಆಳ ಇದ್ದ ಎರೆಯ ಮಾತು. ಮೇಲೆ ಕರ್ರಗೆ ಕಂಡರೂ ಒಂದಡಿ ಕೆಳಗೆ ಗರಸು ಸಿಕ್ಕಿದರೆ ಅದು ಹೆಸರಿಗೆ ಎರೆ. ಬಣ್ಣ ನೋಡಿ ಮೋಸ ಹೋಗಬಾರದು.

ಮಸಾರಿಯ ಗುಣ

ಕೆಂಪು ಮಣ್ಣು ಕಣಶಿಲೆ ಕರಗಿ ಆದದ್ದು. ಕಬ್ಬಿಣದ ತುಕ್ಕಿನಿಂದ ಆ ಬಣ್ಣ. ಇದರ ಜೇಡಿ ಬೇರೆ ಜಾತಿ, ಉಬ್ಬೋದೂ ಇಲ್ಲ, ಹೆಚ್ಚು ಬಿರಿಯೋದೂ ಇಲ್ಲ. ನೀರು ಬೇಗ ಇಂಗುತ್ತದೆ, ಬೇಗ ಆರುತ್ತದೆ. ಮಳೆ ಹೊಡೆದು ಬಿಸಿಲು ಬಿದ್ದರೆ ಮೇಲೆ ಹೆಪ್ಪು ಕಟ್ಟಿ ಮೊಳಕೆ ಏಳೋದಿಲ್ಲ. ಸಾರ ಕಡಿಮೆ. ಆದರೆ ಸಣ್ಣ ಮಳೆಗೂ ಹದ ಬರ್ತದೆ, ಎರೆಗೆ ಹಾಗೆ ಬರೋದಿಲ್ಲ. ಮಳೆ ಬಿದ್ದ ಮರುದಿನವೇ ನೇಗಿಲು ಹೂಡಬಹುದು. ರಾಗಿ, ಶೇಂಗಾ, ಅವರೆ, ಹುರುಳಿ, ಮಾವು, ಹುಣಸೆ ಇದಕ್ಕೆ ಒಗ್ಗಿದವು.

ಇಲ್ಲಿ ಆಳದ ಲೆಕ್ಕ ಇನ್ನೂ ಬಿಗಿ. ಒಂದಡಿ ಮಸಾರಿ ಹಿಡಿಯೋ ನೀರು 25-30 ಮಿಲಿಮೀಟರ್. ನಿಂತ ಬೆಳೆ ಬಿಸಿಲಿನಲ್ಲಿ ದಿನಕ್ಕೆ ಸುಮಾರು 5 ಮಿಲಿಮೀಟರ್ ಕುಡಿಯುತ್ತದೆ. ಅಂದರೆ ಮಳೆ ನಿಂತ ಐದಾರು ದಿನಕ್ಕೆ ಗಡಿಗೆ ಖಾಲಿ. ಮೂರಡಿ ಎರೆಯಲ್ಲಿ ಇದೇ ಬೆಳೆ ಒಂದು ತಿಂಗಳು ತಡೀತದೆ. ಹದಿನೈದು ದಿನ ಮಳೆ ಕೈಕೊಟ್ಟರೆ ಒಬ್ಬ ರೈತ ಮುಳುಗುತ್ತಾನೆ, ಪಕ್ಕದ ಬದುವಿನವನು ಉಳೀತಾನೆ. ಇಬ್ಬರ ಮೇಲೂ ಬಿದ್ದದ್ದು ಒಂದೇ ಮಳೆ.

ಅದಕ್ಕೇ ನಮ್ಮ ಹಿರಿಯರು ಬೇಸಿಗೆಯಲ್ಲಿ ಕೆರೆ ಗೋಡನ್ನು ಗಾಡಿಗಟ್ಟಲೆ ಮಸಾರಿಗೆ ಹೊಡೆಸ್ತಿದ್ದರು. ಗೋಡು ಅಂದರೆ ಬರೀ ಗೊಬ್ಬರ ಅಲ್ಲ, ಜೇಡಿ. ಗಡಿಗೆಯನ್ನು ದೊಡ್ಡದು ಮಾಡುವ ಕೆಲಸ ಅದು. ಈಗ ಆ ಗೋಡು ಹಲವು ಕಡೆ ಇಟ್ಟಿಗೆ ಗೂಡಿಗೆ ಹೋಗ್ತಾ ಇದೆ.

ಕರಾವಳಿ, ಮಲೆನಾಡಿನ ಅಂಚಿನಲ್ಲಿ ಜಂಬಿಟ್ಟಿಗೆ ನೆಲ. ಬುಕಾನನ್ ಎಂಬ ಸ್ಕಾಟ್ ವೈದ್ಯ ಟಿಪ್ಪುವಿನ ಕಾಲ ಮುಗಿದ ಮೇಲೆ ಮೈಸೂರು, ಕೆನರಾ, ಮಲಬಾರ್ ಸುತ್ತಿ ಬರೆದ ಪುಸ್ತಕ 1807ರಲ್ಲಿ ಅಚ್ಚಾಯಿತು. ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಅವನೇ. ಇಟ್ಟಿಗೆ ಅನ್ನುವ ಲ್ಯಾಟಿನ್ ಮಾತಿನಿಂದ ಆ ಹೆಸರು. ನೆಲದೊಳಗೆ ಮೆತ್ತಗೆ ಇರ್ತದೆ, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗ್ತದೆ. ಅಲ್ಲಿನವರ ಮನೆ ಗೋಡೆಯೆಲ್ಲ ಅದೇ. ಕಟ್ಟೋದಕ್ಕೆ ಬಹಳ ಒಳ್ಳೆಯದು, ಬೇಸಾಯಕ್ಕೆ ಹುಳಿ ಮಣ್ಣು. ಸುಣ್ಣ, ಸೊಪ್ಪು, ಗೊಬ್ಬರ ಕೊಡದೆ ಬೆಳೆ ಕೊಡೋದಿಲ್ಲ.

ಎರೆಗೆ ಕಾಲುವೆ ಬಂದಾಗ

ಈಗ ಸಾಲದ ಕಡೆ ಬರೋಣ. ಮಣ್ಣನ್ನು ಕೇಳದೆ ನೀರು ಕೊಟ್ಟರೆ ಏನಾಗ್ತದೆ ಅನ್ನೋದನ್ನು ನಮ್ಮ ನಾಡು ದುಬಾರಿ ಬೆಲೆ ಕೊಟ್ಟು ಕಲಿತಿದೆ.

ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ಯೋಜನೆ ಮಾಡುವಾಗ ಹೆಚ್ಚಿನ ಭಾಗಕ್ಕೆ ಹಗುರ ನೀರಾವರಿ ಅಂತ ಗೊತ್ತುಮಾಡಿದ್ದರು. ಜೋಳ, ಹತ್ತಿ, ಶೇಂಗಾಕ್ಕೆ ಬೇಕಾದಷ್ಟು ನೀರು. ಆಮೇಲೆ ಕಾಲುವೆಯ ತಲೆಯ ಕಡೆ ಭತ್ತ ಬಂತು. ಎರೆ ನೀರನ್ನು ಬೇಗ ಬಿಟ್ಟುಕೊಡೋದಿಲ್ಲ. ಭತ್ತದ ಗದ್ದೆಯಲ್ಲಿ ನಿಂತ ನೀರು ಇಂಗಿ ಇಂಗಿ ಕೆಳಗಿನ ನೀರಿನ ಮಟ್ಟ ಮೇಲಕ್ಕೆ ಬಂತು. ಮಣ್ಣಿನೊಳಗಿದ್ದ ಉಪ್ಪು ಆ ನೀರಿನ ಜತೆ ಮೇಲಕ್ಕೆ ಏರಿತು. ಬಿಸಿಲಿಗೆ ನೀರು ಆರಿತು, ಉಪ್ಪು ಉಳಿಯಿತು. ಮೇಲ್ಗಡೆಯವರ ಹೊಲ ಸವಳು-ಜವಳಾಯಿತು. ಕಾಲುವೆಯ ಬಾಲದಲ್ಲಿದ್ದ ಮಾನ್ವಿ, ರಾಯಚೂರು ಕಡೆಯವರು ನೀರಿಲ್ಲದೆ ಒಣಗಿದರು. ಒಂದೇ ಕಾಲುವೆ, ಒಂದು ತುದಿಗೆ ನೀರು ಹೆಚ್ಚಾಗಿ ಸಾಲ, ಇನ್ನೊಂದು ತುದಿಗೆ ನೀರು ಇಲ್ಲದೆ ಸಾಲ. ಗಂಗಾವತಿಯಲ್ಲಿ ಸವಳು ಭೂಮಿಯ ಸಂಶೋಧನೆಗೆಂದೇ ಕೇಂದ್ರ ಇದೆ ಅಂದರೆ ಈ ಕಾಯಿಲೆ ಎಷ್ಟು ಬಲಿತಿದೆ ಅಂತ ತಿಳೀರಿ. ಭತ್ತ ಬೆಳೆದ ರೈತನದೇ ತಪ್ಪು ಅಂತ ಹೇಳೋರು ಇದ್ದಾರೆ. ಖರೀದಿ ಇದ್ದದ್ದು, ಕೈಗೆ ದುಡ್ಡು ಬಂದದ್ದು ಭತ್ತಕ್ಕೆ. ಜೋಳಕ್ಕೆ ಆ ಬೆಲೆ, ಆ ಖರೀದಿ ಕೊಟ್ಟಿದ್ದರೆ ಎರೆಯಲ್ಲಿ ಕೆಸರು ಮಾಡೋಕೆ ರೈತನಿಗೇನು ಹುಚ್ಚೇ?

ಮಲಪ್ರಭಾ ಸೀಮೆಯ ಕಥೆ ಇಲ್ಲಿರುವ ಹಿರಿಯರಿಗೆ ಗೊತ್ತಿದೆ. ನವಿಲುತೀರ್ಥದ ನೀರು 1970ರ ದಶಕದಲ್ಲಿ ನವಲಗುಂದ, ನರಗುಂದದ ಎರೆಗೆ ಬಂತು. ಬಸಿಗಾಲುವೆಯ ಏರ್ಪಾಟು ಸಾಲದೆ ಹೊಲಗಳು ಜವಳು ಹಿಡಿದವು. ಹತ್ತಿಯ ಬೆಲೆ ಬಿತ್ತು. ಅದರ ಮೇಲೆ ಬೆಟರ್‌ಮೆಂಟ್ ಲೆವಿ ಅಂತ ಅಭಿವೃದ್ಧಿ ಕರ ಹಾಕಿದರು, ನೀರು ಬಂದ ಹೊಲಕ್ಕೂ, ಬಾರದ ಹೊಲಕ್ಕೂ. 1980ರ ಜುಲೈ 21ರಂದು ಏನಾಯಿತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಗೋಲೀಬಾರ್ ಆಯಿತು, ನರಗುಂದ, ನವಲಗುಂದದಲ್ಲಿ ರೈತರು ಪ್ರಾಣ ಕೊಟ್ಟರು. ನಾವು ಇಂದಿಗೂ ಆ ದಿನವನ್ನು ಹುತಾತ್ಮ ದಿನ ಅಂತ ಆಚರಿಸ್ತೀವಿ. ಆ ಚಳವಳಿಯನ್ನು ಕರದ ವಿರುದ್ಧದ ಚಳವಳಿ ಅಂತ ಬರೀತಾರೆ, ಸರಿಯೇ. ಆದರೆ ಅದರ ಬುಡದಲ್ಲಿ ಒಂದು ಮಣ್ಣಿನ ಪ್ರಶ್ನೆ ಇತ್ತು. ನೀರು ಕೊಟ್ಟ ಮಾತ್ರಕ್ಕೆ ಭೂಮಿ ಅಭಿವೃದ್ಧಿಯಾಯಿತು ಅಂತ ಸರ್ಕಾರ ಕಾಗದದಲ್ಲಿ ಬರೆದುಕೊಂಡಿತು. ನೆಲ ಅದನ್ನು ಒಪ್ಪಲಿಲ್ಲ.

ಸವಳಾದ ಮೇಲೆ ಸರಿಮಾಡೋಕೆ ಆಗೋದಿಲ್ಲವೇ? ಆಗ್ತದೆ, ಆದರೆ ಒಬ್ಬನ ಕೈಲಿ ಆಗೋದಿಲ್ಲ. ಉಪ್ಪು ಹೊರಗೆ ಹೋಗಬೇಕಾದರೆ ನೀರಿಗೆ ದಾರಿ ಬೇಕು. ನನ್ನ ಹೊಲದ ಬಸಿಗಾಲುವೆ ನಿಮ್ಮ ಹೊಲ ದಾಟಿ ಹಳ್ಳಕ್ಕೆ ಸೇರಬೇಕು. ಸೋಡಿಯಂ ಹೆಚ್ಚಾಗಿ ಕರಲಾದ ನೆಲಕ್ಕೆ ಜಿಪ್ಸಂ ಬೇಕು, ಡಯಾಂಚ ಬೆಳೆದು ಮಣ್ಣಿಗೆ ಮುಗ್ಗಿಸಬೇಕು. ಅಣೆಕಟ್ಟು ಕಟ್ಟಿದ ಸರ್ಕಾರವೇ ಬಸಿಗಾಲುವೆಯ ಖರ್ಚನ್ನೂ ಹೊರಬೇಕು. ಕಾಲುವೆ ಸಾರ್ವಜನಿಕ ಕೆಲಸ, ಬಸಿಗಾಲುವೆ ಮಾತ್ರ ರೈತನ ಸ್ವಂತ ಖರ್ಚು ಅನ್ನೋದು ಯಾವ ನ್ಯಾಯ?

ದನಕ್ಕೆ ಬಿಟ್ಟ ನೆಲ

ಭೂಮಿಯನ್ನು ಎಂಟು ದರ್ಜೆ ಮಾಡುವ ಪದ್ಧತಿ ಒಂದಿದೆ. ಅಮೆರಿಕದಲ್ಲಿ ಹುಟ್ಟಿದ್ದು, ನಮ್ಮ ಮಣ್ಣು ಸಮೀಕ್ಷೆಯವರೂ ಅದನ್ನೇ ಬಳಸ್ತಾರೆ. ಮೊದಲ ನಾಲ್ಕು ದರ್ಜೆ ಉಳುಮೆಗೆ. ಐದರಿಂದ ಮೇಲಿನದು ಹುಲ್ಲಿಗೆ, ಮರಕ್ಕೆ, ಕಾಡಿಗೆ. ಅಂದರೆ ಉಳಬಾರದ ನೆಲ ಕೆಲಸಕ್ಕೆ ಬಾರದ ನೆಲ ಅಲ್ಲ. ಅದರ ಕೆಲಸ ಬೇರೆ.

ನಮ್ಮ ಕಡತದಲ್ಲಿ ಅದಕ್ಕೆ ಖರಾಬು ಅಂತ ಹೆಸರು. ಗೇಣುದ್ದ ಮಣ್ಣು, ಕೆಳಗೆ ಕಲ್ಲು. ನೇಗಿಲು ಹೂಡಿದರೆ ಎರಡು ವರ್ಷ ಹುರುಳಿ ಬರ್ತದೆ. ಮೂರನೇ ವರ್ಷ ಆ ಗೇಣು ಮಣ್ಣೂ ಹಳ್ಳಕ್ಕೆ ಹೋಗಿರ್ತದೆ. ಒಂದು ಎಕರೆಯ ಮೇಲಿಂದ ಒಂದೇ ಮಿಲಿಮೀಟರ್ ಮಣ್ಣು ಹೋಯಿತು ಅಂದರೆ ಐದು ಟನ್ನಿಗೂ ಮಿಕ್ಕಿ ಹೋಯಿತು ಅಂತ ಲೆಕ್ಕ. ಅದೇ ನೆಲದಲ್ಲಿ ಹುಲ್ಲು ಬಿಟ್ಟರೆ ಬೇರು ಮಣ್ಣನ್ನು ಹಿಡೀತದೆ, ದನ ಕುರಿ ಮೇಯ್ತವೆ, ಅವುಗಳ ಗೊಬ್ಬರ ಕೆಳಗಿನ ಹೊಲಕ್ಕೆ ಬರ್ತದೆ. ಸ್ಟೈಲೋದಂಥ ಬೇಳೆ ಜಾತಿಯ ಮೇವು ಬಡ ಮಸಾರಿಯಲ್ಲೂ ಏಳ್ತದೆ. ಗೋಮಾಳವನ್ನು ಹಿಂದಿನವರು ಬಿಟ್ಟದ್ದು ಇಂಥ ಕಡೆ. ಮರೆತು ಬಿಟ್ಟದ್ದಲ್ಲ, ನೋಡಿ ಬಿಟ್ಟದ್ದು.

1966ರ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ನೂರು ದನಕ್ಕೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕು. ನಿಮ್ಮ ಊರಿನ ದನ ಎಣಿಸಿ, ಗೋಮಾಳ ಅಳೆಯಿರಿ. ಎಷ್ಟು ಕಡೆ ಹೊಂದುತ್ತದೆ? ಸ್ವಲ್ಪ ಬಡವರಿಗೆ ದರಖಾಸ್ತಿನಲ್ಲಿ ಹೋಯಿತು. ಅದನ್ನು ನಾನು ತಪ್ಪು ಅನ್ನೋದಿಲ್ಲ, ಆದರೆ ಅವರಿಗೆ ಸಿಕ್ಕಿದ್ದು ಉಳಲಾಗದ ನೆಲ ಅಂತ ಯಾರೂ ಹೇಳಲಿಲ್ಲ. ಸ್ವಲ್ಪ ಬಲಾಢ್ಯರ ಒತ್ತುವರಿಯಾಯಿತು. ಇನ್ನಷ್ಟು ಸರ್ಕಾರಿ ಸಂಸ್ಥೆಗಳಿಗೆ ಹೋಯಿತು. ಚಳ್ಳಕೆರೆ ತಾಲೂಕಿನ ಅಮೃತ್ ಮಹಲ್ ಕಾವಲಿನ ಸಾವಿರಾರು ಎಕರೆ ಹುಲ್ಲುಗಾವಲು ರಕ್ಷಣಾ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳ ಪಾಲಾದದ್ದು ಎಲ್ಲರಿಗೂ ತಿಳಿದದ್ದೇ. ಊರಿನ ಸಾಮೂಹಿಕ ಜಮೀನನ್ನು ಒತ್ತುವರಿಯಿಂದ ಬಿಡಿಸಬೇಕು ಅಂತ ಸುಪ್ರೀಂ ಕೋರ್ಟು ಪಂಜಾಬಿನ ಒಂದು ಪ್ರಕರಣದಲ್ಲಿ 2011ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೂ ಹೇಳಿತು. ತೀರ್ಪು ಇದೆ, ಹಿಡಿದು ಕೇಳೋರು ಬೇಕು.

ಗೋಮಾಳ ಹೋದರೆ ಸಾಲ ಹೇಗೆ ಬರ್ತದೆ? ಮೇವು ಕೊಳ್ಳಬೇಕು. ಕೊಳ್ಳಲಾರದವನು ದನ ಮಾರ್ತಾನೆ. ದನ ಹೋದರೆ ಗೊಬ್ಬರ ಹೋಯಿತು. ತಿಪ್ಪೆ ಖಾಲಿಯಾದವನು ಗೊಬ್ಬರದ ಅಂಗಡಿಯಲ್ಲಿ ಉದ್ರಿ ಬರೆಸ್ತಾನೆ.

ಮನೆ ಕಟ್ಟುವ ನೆಲ

ಎರೆಯ ಮೇಲೆ ಮನೆ ಕಟ್ಟಿದವರ ಗೋಳು ಬೇರೆ. ಮಳೆಗಾಲಕ್ಕೆ ನೆಲ ಉಬ್ಬಿ ಪಾಯ ಎತ್ತುತ್ತದೆ, ಬೇಸಿಗೆಗೆ ಕುಗ್ಗಿ ಇಳಿಸುತ್ತದೆ. ಎಲ್ಲ ಕಡೆ ಒಂದೇ ಸಮ ಎತ್ತಿದರೆ ಚಿಂತೆಯಿಲ್ಲ. ಮೂಲೆ ಎತ್ತಿ ನಡು ಬಿಡ್ತದೆ. ಗೋಡೆ ಕರ್ಣಕ್ಕೆ ಸೀಳ್ತದೆ, ಬಾಗಿಲು ಹಾಕಿದರೆ ಕೂರೋದಿಲ್ಲ. ಹಳೇ ಊರುಗಳನ್ನು ನೋಡಿ. ಎರೆ ಸೀಮೆಯ ಬಹಳ ಊರುಗಳು ಗರಸಿನ ದಿಬ್ಬ ಹಿಡಿದು ಕೂತಿವೆ. ಜೋಳ ತುಂಬುವ ಹಗೇವನ್ನೂ ಗಟ್ಟಿ ನೆಲ ನೋಡಿಯೇ ತೋಡ್ತಿದ್ದರು. ಒಳ್ಳೆಯ ಹೊಲವನ್ನು ಮನೆಗೆ ಕೆಡಿಸಲಿಲ್ಲ, ಕೆಟ್ಟ ನೆಲದಲ್ಲಿ ಬೀಜ ಹಾಕಲಿಲ್ಲ.

ಈಗ ಊರು ಬೆಳೆದು ಎರೆಗೆ ಇಳಿದಿದೆ. ಕಟ್ಟಲೇಬೇಕಾದರೆ ದಾರಿ ಇದೆ. ಮಣ್ಣು ತೆಳುವಿದ್ದರೆ ಅದನ್ನು ಪೂರ್ತಿ ತೆಗೆದು ಗರಸಿನ ಮೇಲೆಯೇ ಪಾಯ ಕೂರಿಸಬೇಕು. ಆಳವಿದ್ದರೆ, ರೂರ್ಕಿಯ ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆಯವರು ರೂಢಿಗೆ ತಂದ ಪದ್ಧತಿ ಇದೆ. ಸುಮಾರು ಮೂರೂವರೆ ಮೀಟರ್ ಆಳಕ್ಕೆ ಕೊರೆದು, ತಳದಲ್ಲಿ ಗಂಟೆಯ ಹಾಗೆ ಅಗಲ ಮಾಡಿ, ಕಾಂಕ್ರೀಟ್ ಕಂಬ ಇಳಿಸೋದು. ಉಬ್ಬು ಕುಗ್ಗು ತಟ್ಟದ ಆಳಕ್ಕೆ ಅದು ಹೋಗಿ ನಿಲ್ಲುತ್ತದೆ. ಗೋಡೆಯ ಸುತ್ತ ನೀರು ನಿಲ್ಲಬಾರದು, ಪಾಯದ ಹತ್ತಿರ ದೊಡ್ಡ ಮರ ಇರಬಾರದು. ಇದಕ್ಕೆಲ್ಲ ಹೆಚ್ಚಿನ ದುಡ್ಡು ಬೇಕು. ಆದರೆ 2016ರಲ್ಲಿ ಕೇಂದ್ರದ ಗ್ರಾಮೀಣ ಮನೆ ಯೋಜನೆ ಬಂದಾಗ ಬಯಲು ಸೀಮೆಗೆ ಮನೆಯೊಂದಕ್ಕೆ 1.20 ಲಕ್ಷ ರೂಪಾಯಿ ಅಂತ ಗೊತ್ತುಮಾಡಿದರು. ಗುಡ್ಡಗಾಡಿಗೆ ಬೇರೆ ದರ ಇತ್ತು, ಎರೆಗೆ ಬೇರೆ ದರ ಇರಲಿಲ್ಲ. ಪಾಯಕ್ಕೇ ಹಣ ಮುಗಿದವನು ಗೋಡೆಗೆ ಕೈಸಾಲ ಮಾಡಿದ.

ಮಸಾರಿಯವರಿಗೆ ಈ ಕಷ್ಟ ಇಲ್ಲ. ನೆಲ ಅಲುಗೋದಿಲ್ಲ, ಆ ಮಣ್ಣೇ ಗೋಡೆಯೂ ಆಗ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಕೆಂಪು ಮಣ್ಣಿಗೆ ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟ್ ಸೇರಿಸಿ, ಯಂತ್ರದಲ್ಲಿ ಒತ್ತಿ, ಸುಡದೆ ಇಟ್ಟಿಗೆ ಮಾಡಿ ತೋರಿಸಿದರು. ಆದರೆ ಮನೆಗೆ ಮಣ್ಣು ತೆಗೆಯುವಾಗ ಹೊಲದ ಮೇಲ್ಮಣ್ಣಿಗೆ ಕೈ ಹಾಕಬೇಡಿ, ಕೆಳಗಿನದು ತೆಗೆಯಿರಿ. ಇಟ್ಟಿಗೆ ಗೂಡಿನವನು ಬಂದು ಅರ್ಧ ಅಡಿ ಮಣ್ಣಿಗೆ ಎಕರೆಗೆ ಇಷ್ಟು ಅಂತ ಕೈಯಲ್ಲಿ ನೋಟು ಇಟ್ಟಾಗ ಸಾಲದವನಿಗೆ ಬೇಡ ಅನ್ನೋದು ಕಷ್ಟ. ಆ ಅರ್ಧ ಅಡಿ ಅಂದರೆ ಎಕರೆಗೆ ಎಂಟುನೂರು ಟನ್ನಿಗೂ ಮಿಕ್ಕ ಮಣ್ಣು. ನಿಮ್ಮ ಅಪ್ಪ, ಅಜ್ಜ ಹೊಡೆದ ಗೊಬ್ಬರವೆಲ್ಲ ಇರೋದು ಅದರಲ್ಲೇ. ಬಡ್ಡಿ ಕಟ್ಟೋಕೆ ಬಂಡವಾಳವನ್ನೇ ಮಾರಿದ ಹಾಗೆ.

ಬ್ಯಾಂಕಿನ ಎಕರೆ

ಈಗ ಮುಖ್ಯ ಮಾತು. ಬೆಳೆಸಾಲ ಎಷ್ಟು ಕೊಡಬೇಕು ಅಂತ ಜಿಲ್ಲಾ ತಾಂತ್ರಿಕ ಸಮಿತಿ ಗೊತ್ತುಮಾಡ್ತದೆ. ಬೆಳೆ ನೋಡ್ತಾರೆ, ನೀರಾವರಿಯೋ ಖುಷ್ಕಿಯೋ ನೋಡ್ತಾರೆ. ಮಣ್ಣಿನ ಆಳ ನೋಡೋದಿಲ್ಲ. ಹೆಚ್ಚು ಖರ್ಚಿನ ಬೆಳೆಗೆ ಹೆಚ್ಚು ಸಾಲ. ತೆಳು ಮಸಾರಿಯವನು ಹುರುಳಿ, ಮೇವು, ಕುರಿ ಅಂದರೆ ಸಾಲ ಸಿಗೋದು ಕಡಿಮೆ. ಬೋರ್‌ವೆಲ್ ಹಾಕಿ ಅಡಿಕೆ, ದಾಳಿಂಬೆ ಇಡ್ತೀನಿ ಅಂದರೆ ಹೆಚ್ಚು. ನೆಲ ಬೇಡ ಅನ್ನೋದಕ್ಕೆ ಸಾಲ ಸಿಗ್ತದೆ, ನೆಲ ಕೇಳೋದಕ್ಕೆ ಸಿಗೋದಿಲ್ಲ.

ಬೆಂಬಲ ಬೆಲೆಯೂ ಹಾಗೇ. 1965ರಿಂದ ಬೆಲೆ ಆಯೋಗ ಇದೆ. ರಾಜ್ಯ ರಾಜ್ಯದ ಖರ್ಚಿನ ಸರಾಸರಿ ಹಿಡಿದು ಇಡೀ ದೇಶಕ್ಕೆ ಒಂದು ಬೆಲೆ ಶಿಫಾರಸು ಮಾಡ್ತದೆ. ಸರಾಸರಿಯಲ್ಲಿ ಮಣ್ಣು ಮುಚ್ಚಿಹೋಗ್ತದೆ. ಲೆಕ್ಕಕ್ಕೆ ಅಂತ ಹಿಡಿಯೋಣ. ತೊಗರಿಗೆ ಎಕರೆಗೆ 18,000 ರೂಪಾಯಿ ಖರ್ಚು. ಆಳದ ಎರೆಯವನಿಗೆ 6 ಕ್ವಿಂಟಲ್ ಬಂತು, ಕ್ವಿಂಟಲ್‌ಗೆ ಬಿದ್ದ ಖರ್ಚು 3,000. ತೆಳು ನೆಲದವನಿಗೆ 3 ಕ್ವಿಂಟಲ್, ಅವನಿಗೆ ಬಿದ್ದದ್ದು 6,000. ಮಾರುಕಟ್ಟೆಯಲ್ಲಿ 5,500 ಸಿಕ್ಕಿತು ಅಂದರೆ ಮೊದಲನೆಯವನಿಗೆ ಎಕರೆಗೆ 15,000 ಉಳಿಯಿತು, ಎರಡನೆಯವನಿಗೆ 1,500 ಕೈಬಿಟ್ಟಿತು. ಇಬ್ಬರೂ ಒಂದೇ ಊರಿನವರು, ಒಂದೇ ಬೀಜ, ಒಂದೇ ಗೊಬ್ಬರ, ಒಂದೇ ಸಾಲ. ಎರಡನೆಯವನನ್ನು ಸೋಮಾರಿ ಅಂತ ಕರೆಯೋದು ಸುಲಭ.

ವಿಮೆ? 2016ರಲ್ಲಿ ಬಂದ ಫಸಲ್ ಬಿಮಾ ಯೋಜನೆಯಲ್ಲಿ ಗ್ರಾಮ ಪಂಚಾಯತಿ ಅಥವಾ ಹೋಬಳಿಯ ಸರಾಸರಿ ಇಳುವರಿಯೇ ಅಳತೆ. ಎರೆ ಉಳಿದು ಮಸಾರಿ ಒಣಗಿದರೆ ಸರಾಸರಿ ಸರಿಯಾಗಿ ಕಾಣ್ತದೆ, ಮಸಾರಿಯವನಿಗೆ ಪರಿಹಾರ ಇಲ್ಲ.

ಇನ್ನು ಮಣ್ಣು ಆರೋಗ್ಯ ಚೀಟಿ. 2015ರ ಫೆಬ್ರವರಿಯಲ್ಲಿ ಶುರುವಾಯಿತು. ಹನ್ನೆರಡು ಅಂಶ ಅಳೀತಾರೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಬೋರಾನ್, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ರಸಸಾರ, ಲವಣ, ಸಾವಯವ ಇಂಗಾಲ. ಒಳ್ಳೆಯದೇ. ನಮ್ಮ ರಾಜ್ಯದಲ್ಲಿ 2009ರಲ್ಲಿ ಭೂಚೇತನ ಶುರುವಾದಾಗಲೇ ಸತು, ಬೋರಾನ್, ಗಂಧಕದ ಕೊರತೆ ಬಹಳ ಕಡೆ ಇರೋದು ಗೊತ್ತಾಗಿತ್ತು. ಆದರೆ ಆ ಹನ್ನೆರಡರಲ್ಲಿ ಆಳ ಇಲ್ಲ, ಜೇಡಿ ಎಷ್ಟು ಅನ್ನೋದಿಲ್ಲ, ನೀರು ಬಸಿಯುತ್ತದೋ ಅನ್ನೋದಿಲ್ಲ. ಅದು ಯಾವ ಗೊಬ್ಬರ ಕೊಳ್ಳಬೇಕು ಅಂತ ಹೇಳೋ ಚೀಟಿ, ಯಾವ ಬೆಳೆ ಇಡಬೇಕು ಅಂತ ಹೇಳೋದಲ್ಲ. ಅದೂ ಶುರುವಿನ ನಿಯಮದಲ್ಲಿ ಖುಷ್ಕಿಗೆ ಹತ್ತು ಹೆಕ್ಟೇರ್‌ಗೆ ಒಂದು ಮಾದರಿ. ಇಪ್ಪತ್ತೈದು ಎಕರೆಯಲ್ಲಿ ಎಷ್ಟು ಬಗೆಯ ಮಣ್ಣು ಇರ್ತದೆ ಅಂತ ನಿಮಗೇ ಗೊತ್ತು.

ನಾವು ಮಾಡಬೇಕಾದ್ದು

ಸಾಲದ ಅರ್ಜಿ ಹಾಕುವ ಮೊದಲು ಹೊಲಕ್ಕೆ ಹಾರೆ, ಸಲಿಕೆ ತಗೊಂಡು ಹೋಗಿ. ಮೇಲೆ, ನಡುವೆ, ಕೆಳಗೆ ಅಂತ ಮೂರು ಕಡೆ ಎದೆಮಟ್ಟ ಗುಂಡಿ ತೆಗೆಯಿರಿ. ಗರಸು ಎಷ್ಟು ಅಡಿಗೆ ಸಿಕ್ಕಿತು ಬರೆದಿಡಿ. ಬೇರು ಎಲ್ಲಿಯವರೆಗೆ ಇಳಿದಿದೆ ನೋಡಿ. ಹಸಿ ಮಣ್ಣನ್ನು ಹೆಬ್ಬೆರಳು, ತೋರುಬೆರಳಿನ ನಡುವೆ ಒತ್ತಿ ಪಟ್ಟಿ ಎಳೆಯಿರಿ. ಎರಡು ಅಂಗುಲ ಬಂದರೆ ಜೇಡಿ ಹೆಚ್ಚು, ಬರುವ ಮೊದಲೇ ಮುರಿದರೆ ಮರಳು ಹೆಚ್ಚು. ಗುಂಡಿಗೆ ನೀರು ತುಂಬಿಸಿ, ಮರುದಿನವೂ ನಿಂತಿದ್ದರೆ ಅಲ್ಲಿ ಬಸಿಗಾಲುವೆ ಇಲ್ಲದೆ ನೀರಾವರಿ ಮಾಡಬೇಡಿ. ಒಣ ಹೆಂಟೆಯನ್ನು ಒಂದು ಲೋಟ ಮಳೆನೀರಿಗೆ ಬಿಡಿ. ಅಲುಗಿಸದೆಯೇ ಸುತ್ತ ಹಾಲಿನ ಹಾಗೆ ಕದಡಿದರೆ ಅದು ಕರಲಿನ ಗುರುತು, ಪ್ರಯೋಗಾಲಯಕ್ಕೆ ಕಳಿಸಿ ಜಿಪ್ಸಂ ಲೆಕ್ಕ ಕೇಳಿ. ಇದಕ್ಕೆ ಅರ್ಧ ದಿನದ ಕೂಲಿ ಬಿಟ್ಟರೆ ಖರ್ಚಿಲ್ಲ.

ಸರ್ಕಾರಕ್ಕೆ ಕೇಳಬೇಕಾದ್ದೂ ಇದೆ. ಸುಜಲಾ ಯೋಜನೆಯ ಮೂರನೇ ಹಂತದಲ್ಲಿ 11 ಜಿಲ್ಲೆಗಳಲ್ಲಿ ಸರ್ವೆ ನಂಬರ್ ಮಟ್ಟದ ಮಣ್ಣಿನ ಸಮೀಕ್ಷೆ ನಡೆಯಿತು. ಆಳ, ಜೇಡಿ, ಇಳಿಜಾರು, ಗರಸು, ಸವಕಳಿ, ಯಾವ ಬೆಳೆಗೆ ತಕ್ಕದ್ದು ಎಲ್ಲವನ್ನೂ ನಕ್ಷೆ ಮಾಡಿದರು. ಆ ನಕ್ಷೆ ನಮ್ಮ ತೆರಿಗೆಯ ದುಡ್ಡಿನಿಂದ ಆದದ್ದು, ವಿಶ್ವಬ್ಯಾಂಕಿನ ಸಾಲ ಆದರೂ ತೀರಿಸೋದು ನಾವೇ. ಅದು ಕಂಪ್ಯೂಟರಿನೊಳಗೆ ಇದ್ದರೆ ಸಾಲದು. ಆದ್ದರಿಂದ ನಮ್ಮ ಬೇಡಿಕೆ ಹೀಗಿರಲಿ:

ಒಂದು, ಸಮೀಕ್ಷೆ ಆದ ಕಡೆ ಅದರ ನಕ್ಷೆಯನ್ನು ಪ್ರತಿ ಗ್ರಾಮ ಪಂಚಾಯತಿಯ ಗೋಡೆಗೆ ಕನ್ನಡದಲ್ಲಿ ಹಾಕಬೇಕು, ಆಗದ ಕಡೆ ಮಾಡಿಸಬೇಕು, ಮಣ್ಣಿನ ಆಳ ಮತ್ತು ದರ್ಜೆ ಪಹಣಿಯಲ್ಲಿ ಬರಬೇಕು.

ಎರಡು, ಸಾಲದ ಮಿತಿ ಗೊತ್ತುಮಾಡುವಾಗ ನೆಲಕ್ಕೆ ತಕ್ಕ ಬೆಳೆ, ಮೇವು, ಕುರಿಗೂ ಪೂರ್ತಿ ಸಾಲ ಸಿಗಬೇಕು. ತೆಳು ನೆಲದವನಿಗೆ ಕಡಿಮೆ ಸಾಲ ಕೊಡೋಕೆ ಈ ದರ್ಜೆಯನ್ನು ನೆಪ ಮಾಡಬಾರದು. ಇದನ್ನು ಒತ್ತಿ ಹೇಳ್ತೀನಿ, ಯಾಕೆಂದರೆ ಬ್ರಿಟಿಷರ ದರ್ಜೆ ನಮ್ಮ ವಿರುದ್ಧ ಬಳಕೆಯಾದದ್ದು ಹಾಗೆಯೇ.

ಮೂರು, ಬೆಂಬಲ ಬೆಲೆಯ ಲೆಕ್ಕದಲ್ಲಿ ತೆಳು ನೆಲದ ಖರ್ಚು ಬೇರೆಯಾಗಿ ಕಾಣಬೇಕು, ಜೋಳ, ರಾಗಿ, ಸಿರಿಧಾನ್ಯಕ್ಕೆ ಬೆಲೆಯ ಜತೆ ಖರೀದಿಯೂ ಇರಬೇಕು. ವಿಮೆಯಲ್ಲಿ ಎರೆ, ಮಸಾರಿ ಎರಡಕ್ಕೂ ಬೇರೆ ಬೇರೆ ಬೆಳೆ ಕಟಾವು ಪ್ರಯೋಗ ನಡೆಯಬೇಕು.

ನಾಲ್ಕು, ಕಾಲುವೆ ಸೀಮೆಯ ಬಸಿಗಾಲುವೆ ಸರ್ಕಾರದ ಖರ್ಚು. ಸವಳಾದ ಹೊಲದ ಸಾಲದ ವಸೂಲಿ, ಆ ಹೊಲ ಸರಿಯಾಗುವವರೆಗೆ ನಿಲ್ಲಬೇಕು.

ಐದು, ಉಳಿದ ಗೋಮಾಳವನ್ನು ಅಳೆದು ಕಲ್ಲು ನೆಡಬೇಕು. ಎರೆ ನೆಲದ ಮನೆಗೆ ಪಾಯದ ಹೆಚ್ಚಿನ ಖರ್ಚು ಕೊಡಬೇಕು.

ಬಂಧುಗಳೇ, ಮುಂದಿನ ತಿಂಗಳು ಸಹಕಾರ ಸಂಘಗಳಲ್ಲಿ, ಬ್ಯಾಂಕುಗಳಲ್ಲಿ ಸಾಲದ ಅರ್ಜಿ ಹಾಕೋಕೆ ಹೋಗುವಾಗ ಪಹಣಿಯ ಜತೆ ಆ ಮೂರು ಗುಂಡಿಯ ಲೆಕ್ಕವನ್ನೂ ಒಂದು ಹಾಳೆಯಲ್ಲಿ ಬರೆದು ತಗೊಂಡು ಹೋಗಿ. ಮ್ಯಾನೇಜರು ಬೇಡ ಅನ್ನಬಹುದು. ಒಬ್ಬ ಕೊಟ್ಟರೆ ಬೇಡ ಅಂತಾನೆ. ಊರಿನವರೆಲ್ಲ ಕೊಟ್ಟರೆ ಓದಲೇಬೇಕಾಗ್ತದೆ.